ಪ್ರಳಯಕ್ಕೆ ಕುಟ್ಟಿದ ಭತ್ತ

ವಾಟ್ಸಾಪಿನಲ್ಲಿ ಪ್ರಳಯದ ಸುದ್ದಿ ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಳಿಸಿದವರು ಎಷ್ಟೇ ಹತ್ತಿರದ ನೆಂಟರಾಗಿರಲಿ, ಒಂದು ಖಾರದ ಮಾತು ಬರೆಯದೆ ಬಿಡುವುದಿಲ್ಲ. ಮೊನ್ನೆ ಚಿಕ್ಕಮ್ಮನ ಮಗಳು, ಯಾವುದೋ ಉಲ್ಕೆ ಬಂದು ಭೂಮಿಗೆ ಬಡಿಯುತ್ತದಂತೆ ಎಂದು ಕೈಮುಗಿದ ಚಿತ್ರದ ಜೊತೆ ಕಳಿಸಿದ್ದಳು. "ಬಡಿಯೋ ಹೊತ್ತಿಗೆ ಒಂದು ಫೋನ್ ಮಾಡು, ಒಲೆ ಆರಿಸ್ಬೇಕು" ಎಂದು ಬರೆದೆ. ಅವಳು ಮುನಿಸಿಕೊಂಡು ನನ್ನನ್ನು ಆ ಗುಂಪಿನಿಂದಲೇ ತೆಗೆದುಹಾಕಿದಳು. ಅಷ್ಟಕ್ಕೆಲ್ಲ ಇಷ್ಟು ಸಿಟ್ಟೇ ಎಂದು ಮನೆಯವರು ಕೇಳುತ್ತಾರೆ. ಏನು ಹೇಳಲಿ? ಪ್ರಳಯ ಒಂದು ಸಲ ನಮ್ಮ ಮನೆಗೂ ಬಂದು, ಅಂಗಳದಲ್ಲಿ ಕೂತು, ಊಟ ಮಾಡಿಕೊಂಡು ಹೋಗಿದೆ.

ಅದು ಎರಡು ಸಾವಿರದ ಹನ್ನೆರಡನೇ ಇಸವಿ. ಡಿಸೆಂಬರ್ ಇಪ್ಪತ್ತೊಂದಕ್ಕೆ ಲೋಕ ಮುಗಿಯುತ್ತದೆ, ಮಾಯಾ ಜನರ ಕ್ಯಾಲೆಂಡರ್ ಅಲ್ಲಿಗೇ ನಿಂತುಹೋಗಿದೆ ಎಂದು ಟಿ.ವಿ.ಯವರು ಬಾಯಿ ಬಡಿದುಕೊಳ್ಳುತ್ತಿದ್ದ ವರ್ಷ. ನಾನು ಆಲೂರು ಕಡೆಯವಳು. ಯಸಳೂರಿನಿಂದ ಹೆತ್ತೂರಿನ ಕಡೆ ಹೋಗುವಾಗ ಬಸ್ಸು ಇಳಿದು, ಇಳಿಜಾರಿನಲ್ಲಿ ಇನ್ನೊಂದಷ್ಟು ದೂರ ನಡೆದರೆ ಸಿಗುವ ಮನೆಗೆ ಸೊಸೆಯಾಗಿ ಬಂದು ಆಗಲೇ ಬಹಳ ವರ್ಷವಾಗಿತ್ತು. ಮನೆಯಲ್ಲಿ ಅತ್ತೆ, ಮಾವ, ನನ್ನ ಗಂಡ, ನಾನು. ಗುಡ್ಡದ ಮೇಲೆ ಸ್ವಲ್ಪ ಕಾಫಿ, ಮೆಣಸು. ಕೆಳಗೆ ಹಳ್ಳದ ಪಕ್ಕ ಗದ್ದೆ.

ಆ ಗದ್ದೆಯಲ್ಲಿ ಬೆಳೆಯುತ್ತಿದ್ದದ್ದು ಅತ್ತೆಯ ಭತ್ತ. ಅತ್ತೆಯದು ಎಂದೇ ಹೇಳಬೇಕು, ಯಾಕೆಂದರೆ ಮದುವೆಯಾಗಿ ಬರುವಾಗ ಅವರು ತವರಿನಿಂದ ಒಂದು ಮುಡಿ ಬಿತ್ತನೆ ಭತ್ತ ತಂದಿದ್ದರು. ಮುಡಿ ಎಂದರೆ ಹುಲ್ಲು ಹಾಸಿ, ನಡುವೆ ಭತ್ತ ಸುರಿದು, ಸುತ್ತಲೂ ಹುಲ್ಲಿನ ಹಗ್ಗದಿಂದ ಬಿಗಿದು, ಬಡಿದು ಬಡಿದು ಕುಂಬಳಕಾಯಿಯ ಹಾಗೆ ದುಂಡಗೆ ಮಾಡಿದ ಗಂಟು. ಊರಿನವರು ಆ ಭತ್ತವನ್ನು ಕರಿಮೀಸೆ ಎನ್ನುತ್ತಿದ್ದರು. ಕಾಳಿನ ತುದಿಗೆ ಕಪ್ಪು ಮೀಸೆ, ಸಿಪ್ಪೆಯೊಳಗೆ ಕೆಂಪು ಅಕ್ಕಿ. ಬೇಯುವಾಗ ಅದರ ವಾಸನೆ ಕೊಟ್ಟಿಗೆಯವರೆಗೆ ಹೋಗುತ್ತಿತ್ತು. ಸರ್ಕಾರಿ ಬೀಜದ ಅರ್ಧದಷ್ಟೂ ಇಳುವರಿ ಕೊಡುತ್ತಿರಲಿಲ್ಲ. ಸುತ್ತಲಿನ ಮನೆಗಳವರು ಅದನ್ನು ಯಾವತ್ತೋ ಕೈಬಿಟ್ಟಿದ್ದರು. ನಮ್ಮ ಮನೆಯಲ್ಲೊಂದೇ ಉಳಿದಿತ್ತು.

ಕೊಯ್ಲಿಗೆ ಮೊದಲು ಅತ್ತೆ ಒಬ್ಬರೇ ಗದ್ದೆಗಿಳಿದು, ಒಳ್ಳೆಯ ತೆನೆಗಳನ್ನು ಕೈಯಲ್ಲೇ ಆರಿಸಿ ಕೊಯ್ಯುತ್ತಿದ್ದರು. ಅದನ್ನು ಬಡಿದು, ಒಣಗಿಸಿ, ತೂರಿ ಕೊಟ್ಟರೆ ಮಾವ ಮುಡಿ ಕಟ್ಟುತ್ತಿದ್ದರು. ಮುಡಿ ಒಲೆಯ ಮೇಲಿನ ಅಟ್ಟ ಸೇರಿ ಹೊಗೆ ಕುಡಿಯುತ್ತಾ ಕೂರುತ್ತಿತ್ತು. ಅದನ್ನು ಬಿಚ್ಚುವುದು ಬಿತ್ತನೆಯ ದಿನ ಮಾತ್ರ. ಬಿಚ್ಚಿದ ಮೇಲೆ ಮತ್ತೆ ಕಟ್ಟುವಂತಿಲ್ಲ, ಅಷ್ಟನ್ನೂ ಅದೇ ದಿನ ಬಳಸಿಬಿಡಬೇಕು. ನನ್ನ ಗಂಡನ ನಾಮಕರಣದ ದಿನ ಊಟಕ್ಕೆ ಅಕ್ಕಿ ಸಾಲದೆ ಬಂದಾಗ ಅತ್ತೆ ಪಕ್ಕದ ಮನೆಗೆ ಓಡಿದರಂತೆ, ಅಟ್ಟದ ಕಡೆ ಕಣ್ಣೆತ್ತಿ ನೋಡಲಿಲ್ಲವಂತೆ. "ಬೆಳೆ ಹೋದ್ರೆ ಹೋಗ್ಲಿ ಕಣವ್ವ, ಬಿತ್ತನೆ ಹೋಗ್ಬಾರ್ದು" ಎನ್ನುತ್ತಿದ್ದರು. ಅತ್ತೆಗೆ ಮಗನಿಗಿಂತ ಮುಡಿಯೇ ಹೆಚ್ಚು ಎಂದು ನಾನು ಗಂಡನ ಹತ್ತಿರ ಚುಚ್ಚುತ್ತಿದ್ದೆ.

ಆ ವರ್ಷ ಹಳ್ಳದ ಬದಿಯ ಬಿದಿರು ಹೂ ಬಿಟ್ಟಿತ್ತು. ಬಿದಿರು ಹೂ ಬಿಟ್ಟರೆ ಮೆಳೆಯೇ ಸತ್ತುಹೋಗುತ್ತದೆ, ಊರಿಗೆ ಒಳ್ಳೆಯದಲ್ಲ ಎಂದು ಹಳಬರು ಹೇಳುತ್ತಿದ್ದರು. ನನಗೆ ಅಂಥದ್ದರಲ್ಲಿ ನಂಬಿಕೆ ಇಲ್ಲ. ಆದರೆ ಮೆಳೆಗಳೆಲ್ಲ ಹಳದಿಯಾಗಿ, ಎಲೆ ಉದುರಿ, ಗಾಳಿ ಬಂದಾಗಲೆಲ್ಲ ಒಣ ಬೊಂಬುಗಳು ಕಟಕಟ ಬಡಿದುಕೊಳ್ಳುವುದನ್ನು ಕೇಳುತ್ತಾ ಆ ದಾರಿಯಲ್ಲಿ ಒಬ್ಬಳೇ ನಡೆಯಲು ನನಗೂ ಮನಸ್ಸಾಗುತ್ತಿರಲಿಲ್ಲ. ಬಿದಿರು ಸತ್ತರೆ ಆನೆಗಳು ಏನು ತಿನ್ನಬೇಕು? ಗದ್ದೆಗೆ ಇಳಿದವು.

ನವೆಂಬರಿನಲ್ಲಿ ಭತ್ತ ಹಾಲು ತುಂಬಿ ಬಲಿಯುವ ಹೊತ್ತಿಗೆ ಅವು ಮತ್ತೆ ಮತ್ತೆ ಬಂದವು. ಮಾವ ಗದ್ದೆಯ ಅಂಚಿನಲ್ಲಿ ಕಂಬ ನೆಟ್ಟು ಅಟ್ಟಣೆ ಕಟ್ಟಿಕೊಂಡು, ಟಾರ್ಚು, ಪಟಾಕಿ ಇಟ್ಟುಕೊಂಡು ಕಾಯುತ್ತಿದ್ದರು. ನಮ್ಮ ಮಾವ ಎಂಥ ಗಟ್ಟಿ ಆಳು ಎಂದರೆ, ಅವರು ಗದ್ದೆಯಲ್ಲಿ ಕೆಮ್ಮಿದರೆ ಆಚೆ ಗುಡ್ಡದವರು ಎದ್ದು ಕೂರುತ್ತಿದ್ದರು. ಒಂದು ಬೆಳಗಿನ ಜಾವ, ಮಂಜು ಮುಸುಕಿದ್ದಾಗ, ಆನೆಗಳು ಹೋದವೆಂದುಕೊಂಡು ಇಳಿಯಲು ಕಾಲು ಕೆಳಗೆ ಬಿಟ್ಟರಂತೆ. ಪಾದಕ್ಕೆ ಏನೋ ಒದ್ದೆಯಾಗಿ, ಬಿಸಿಯಾಗಿ ತಾಗಿತು. ಸೊಂಡಿಲು. ಒಂಟಿ ಸಲಗ ಅಟ್ಟಣೆಯ ಕೆಳಗೇ ನಿಂತಿತ್ತು. ಅವರ ಎರಡೂ ಪಾದಗಳನ್ನು ಮೆಲ್ಲಗೆ ಮೂಸಿತಂತೆ. ಮಾವನಿಗೆ ಕೂಗಲೂ ಆಗಲಿಲ್ಲ, ಕಾಲು ಎಳೆದುಕೊಳ್ಳಲೂ ಆಗಲಿಲ್ಲ. ಅದು ತನಗೆ ಬೇಕಾದಷ್ಟು ಹೊತ್ತು ನಿಂತಿದ್ದು, ಆಮೇಲೆ ಹುಲ್ಲೂ ಅಲುಗದ ಹಾಗೆ ಹೋಯಿತು.

ಇದನ್ನು ಅವರು ಅತ್ತೆಗೆ ಮಾತ್ರ ಹೇಳಿದ್ದರು, ಅತ್ತೆ ನನಗೆ ಹೇಳಿದರು. ಆ ಬೆಳಗಿನ ನಂತರ ಮಾವ ಅಟ್ಟಣೆ ಹತ್ತಲಿಲ್ಲ. ಗದ್ದೆ ಆನೆಗಳದ್ದಾಯಿತು. ಕೊನೆಗೆ ಉಳಿದದ್ದು ಬದುವಿನ ಪಕ್ಕದ ಒಂದು ಮೂಲೆ. ಅತ್ತೆ ಅದರಲ್ಲೇ ಆರಿಸಿ, ಕೆಸರಲ್ಲಿ ತುಳಿದುಹೋದ ತೆನೆಯನ್ನೂ ತೊಳೆದು ಒಣಗಿಸಿ, ಒಂದು ಸಣ್ಣ ಮುಡಿಗಾಗುವಷ್ಟು ಮಾಡಿದರು. ಮಾವ ಅದನ್ನು ಕಟ್ಟಿಕೊಟ್ಟರು. ಉಣ್ಣಲು ಒಂದು ಕಾಳಿಲ್ಲ, ಇರುವುದೆಲ್ಲ ಬಿತ್ತನೆಗೆ. ಹಾಗಾಗಿ ಆ ವರ್ಷ ಹೊಸಕ್ಕಿ ಊಟವನ್ನೂ ಮಾಡಲಿಲ್ಲ.

ಹೊಸಕ್ಕಿ ಊಟದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹೊಸ ಬೆಳೆಯ ಅಕ್ಕಿಯನ್ನು ಮೊದಲ ಸಲ ಬೇಯಿಸಿದ ದಿನ ಮನೆಯವರಷ್ಟೇ ಉಣ್ಣುವ ಹಾಗಿಲ್ಲ. ಅಕ್ಕಪಕ್ಕದ ಮನೆಯವರು, ಕೆಲಸದವರು, ದಾರಿಯಲ್ಲಿ ಹೋಗುವವರು, ಯಾರು ಬಂದರೂ ಎಲೆ ಹಾಕಬೇಕು. ಒಬ್ಬರೇ ಉಂಡರೆ ಮುಂದಿನ ಬೆಳೆ ಒದಗುವುದಿಲ್ಲ ಎನ್ನುವ ನಂಬಿಕೆ.

ಮಾವ ಟಿ.ವಿ. ಮುಂದೆ ಕೂರಲು ಶುರು ಮಾಡಿದ್ದು ಅಟ್ಟಣೆ ಬಿಟ್ಟ ಮೇಲೆ. ಅಲ್ಲಿ ಬರುತ್ತಿದ್ದದ್ದೋ, ಪರದೆಯ ತುಂಬ ಬೆಂಕಿ, ಕೆಂಪು ಅಕ್ಷರ, ಹಿಂದೆ ಡಮರುವಿನ ಸದ್ದು. ಕಲ್ಲಿನಲ್ಲಿ ಕೆತ್ತಿದ ದುಂಡನೆಯ ಒಂದು ಮುಖವನ್ನು ತಿರುಗಿಸಿ ತಿರುಗಿಸಿ ತೋರಿಸುವರು. ಸೂರ್ಯನಿಂದ ಬಿರುಗಾಳಿ ಬರುತ್ತದಂತೆ, ಯಾರೂ ಕಾಣದ ಗ್ರಹವೊಂದು ಬಂದು ಬಡಿಯುತ್ತದಂತೆ, ದಿನಗಟ್ಟಲೆ ಕತ್ತಲಂತೆ. ಒಬ್ಬ ಜ್ಯೋತಿಷಿ ಹೌದೆನ್ನುವನು, ಇನ್ನೊಬ್ಬ ಅಲ್ಲವೆನ್ನುವನು, ನಡುವೆ ಸಾಬೂನಿನ ಜಾಹೀರಾತು. ಲೋಕ ಮುಳುಗುವುದಾದರೆ ಈ ಸಾಬೂನು ಯಾರಿಗೆ ಎಂದು ನಾನು ಗಟ್ಟಿಯಾಗಿಯೇ ಕೇಳುತ್ತಿದ್ದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವರಿಗೆ ಅದು ಒಂದು ಗಂಟೆಯ ಕಾರ್ಯಕ್ರಮ, ನಮ್ಮ ಮಾವ ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತಿದ್ದರು.

ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಸಂಜೆ ಹೊತ್ತು ನಮ್ಮಲ್ಲಿಗೆ ಬರುವ ರೂಢಿ. ಡಿಸೆಂಬರ್ ನಡುವಿನಲ್ಲಿ ಒಂದು ದಿನ ಬಂದು ಜಗಲಿಯಲ್ಲಿ ಕೂತು, "ಕೂಲಿಯೋರ ಲೈನ್ ಮನೆ ಖಾಲಿ ಆಗ್ತಾ ಐತೆ ಕಣ್ರೀ. ಸಾಯೋದಾದ್ರೆ ನಮ್ಮೂರಲ್ಲೇ ಸಾಯ್ತೀವಿ ಅಂತ ಗಂಟು ಕಟ್ತಾವ್ರೆ. ಹಣ್ಣು ಗಿಡದಲ್ಲೇ ಉದುರ್ತಾ ಐತೆ" ಎಂದ.

"ನೀವು ಬುದ್ಧಿ ಹೇಳ್ಬಾರ್ದಾ?" ಎಂದೆ.

"ನಾನೇನ್ ಹೇಳ್ಲಿ ಅಕ್ಕಾ? ನಾನೇ ನನ್ನ ಹೆಂಡ್ತೀನ ತವರಿಂದ ವಾಪಸ್ ಕರೆಸ್ಕೊಂಡಿದೀನಿ" ಎಂದು ಹಲ್ಲು ಬಿಟ್ಟ. ನಗು ಮುಖದ ಮೇಲೆ ನಿಲ್ಲಲಿಲ್ಲ.

ಮಾವ ಒಳಗಿನಿಂದಲೇ, "ಮಾಯಾ ಜನ ಅಂದ್ರೆ ಯಾರು ಅಂದ್ಕೊಂಡೆ ಮಾರಾಯ? ಪಾಂಡವರಿಗೆ ಅರಮನೆ ಕಟ್ಕೊಟ್ನಲ್ಲ ಮಯ, ಅವನ ಕಡೇರು. ಅವರ ಲೆಕ್ಕ ತಪ್ತದಾ?" ಎಂದರು.

ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ನಮ್ಮ ಸಂವತ್ಸರ ಅರವತ್ತಾದ್ರೆ ಮತ್ತೆ ಮೊದ್ಲಿಂದ ಬರ್ತವೆ. ಅವರದ್ದೂ ಹಂಗೇ ಇರ್ತದೆ. ಕ್ಯಾಲೆಂಡರ್ ಮುಗಿದ್ರೆ ಅಂಗಡೀಲಿ ಇನ್ನೊಂದು ಕೊಡ್ತಾರೆ ಬುಡಿ" ಎಂದರು. ರೈಟರ್ ಜೋರಾಗಿ ನಕ್ಕ, ನಾನೂ ನಕ್ಕೆ. ಮಾವ ನಗಲಿಲ್ಲ.

ಅತ್ತೆ ತಮಾಷೆಗೆ ಹೇಳಿದ್ದು ಹೆಚ್ಚುಕಡಿಮೆ ನಿಜವೇ ಆಗಿತ್ತು. ಪೇಪರಿನಲ್ಲಿ ಬಂದದ್ದನ್ನು ನಾನು ಓದಿ ಹೇಳಿದೆ. ಮಾಯಾ ಜನ ಮಧ್ಯ ಅಮೆರಿಕದ ಕಡೆಯವರು, ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಈಗಲೂ ಅಲ್ಲಿ ಜೋಳ ಬೆಳೆದುಕೊಂಡಿದ್ದಾರೆ. ಕಾಲವನ್ನು ಅವರು ಸುತ್ತುಗಳಲ್ಲಿ ಎಣಿಸುತ್ತಿದ್ದರು. ಐದು ಸಾವಿರಕ್ಕೂ ಹೆಚ್ಚು ವರ್ಷದ ಒಂದು ದೊಡ್ಡ ಸುತ್ತು ಆ ದಿನ ತುಂಬುತ್ತದೆ, ಮರುದಿನ ಇನ್ನೊಂದು ಶುರುವಾಗುತ್ತದೆ, ಜೀಪಿನ ಮೀಟರ್ ತಿರುಗಿ ಸೊನ್ನೆಗೆ ಬಂದಂತೆ. ಲೋಕ ಮುಗಿಯುತ್ತದೆ ಎಂದು ಅವರು ಹೇಳಿಯೇ ಇಲ್ಲ. ಇಷ್ಟನ್ನೂ ಮಾವನ ಎದುರು ಕೂತು, ಮೇಷ್ಟರ ಹಾಗೆ ಬಿಡಿಸಿ ಹೇಳಿದೆ. ಕಿವುಡನ ಮುಂದೆ ಶಂಖ ಊದಿದ ಹಾಗಾಯಿತು.

ಎಲ್ಲ ಕೇಳಿಸಿಕೊಂಡು ಮಾವ, "ನಿಂಗೆ ಗೊತ್ತಿಲ್ಲ ಕಣಮ್ಮ. ಅದು ಬಂದು ನಿಂತ್ರೆ ಸದ್ದೇ ಇರಲ್ಲ" ಎಂದರು. ಹೇಳುತ್ತಾ ತಮ್ಮ ಪಾದಗಳನ್ನು ಪಂಚೆಯೊಳಗೆ ಎಳೆದುಕೊಂಡರು. ಆಗ ನನಗೆ ಅರ್ಥವಾಯಿತು, ಇವರ ಭಯ ಹುಟ್ಟಿದ್ದು ಟಿ.ವಿ.ಯಲ್ಲಲ್ಲ, ಅಟ್ಟಣೆಯ ಮೇಲೆ. ಆನೆಗೆ ಹೆದರಿದೆ ಎಂದು ಹೇಳಿಕೊಳ್ಳಲು ಅವರಂಥ ಗಂಡಸಿಗೆ ಬಾಯಿ ಬರಲಿಲ್ಲ. ಲೋಕವೇ ಮುಳುಗುತ್ತದೆ ಎಂದರೆ ಹೆದರಲು ಯಾರಿಗೂ ನಾಚಿಕೆ ಇಲ್ಲವಲ್ಲ. ಅರ್ಥವಾದ ಮೇಲೆ ನನಗೂ ಒಳಗೊಳಗೇ ಹೆದರಿಕೆಯಾಯಿತು. ಮಾಯಾ ಜನರ ಲೆಕ್ಕವನ್ನು ಪೇಪರ್ ಹಿಡಿದು ಅಲ್ಲಗಳೆಯಬಹುದು, ಇದನ್ನು ಹೇಗೆ ಅಲ್ಲಗಳೆಯುವುದು?

ಮಾವ ನಾಳೆಗೆ ಬೇಕಾದ ಕೆಲಸಗಳನ್ನು ಒಂದೊಂದಾಗಿ ಬಿಟ್ಟರು. ಬೇಲಿಯ ಕಂಡಿ ಹಾಗೇ ಉಳಿಯಿತು. ಮೆಣಸು ಕೊಯ್ಯುವ ಏಣಿಯ ಮುರಿದ ಮೆಟ್ಟಿಲನ್ನು ಕಟ್ಟಲಿಲ್ಲ. ಕತ್ತಿ ಮಸೆಯುವುದನ್ನು ಬಿಟ್ಟರು, ಗಡ್ಡ ಹೆರೆಯುವುದನ್ನೂ ಬಿಟ್ಟರು. "ಏಣಿ ಕಟ್ಟಿ ಮಾವ" ಎಂದರೆ, "ಯಾಕಮ್ಮ?" ಎಂದು ನಿಜವಾಗಿಯೂ ತಿಳಿಯದವರ ಹಾಗೆ ಕೇಳುತ್ತಿದ್ದರು. ಊಟವೂ ಕಡಿಮೆಯಾಯಿತು. ತಟ್ಟೆಯ ಮುಂದೆ ಕೂರುವುದು, ಎರಡು ತುತ್ತು ಕಲಸುವುದು, ಕೈ ತೊಳೆಯುವುದು. ಅಷ್ಟು ದೊಡ್ಡ ಮೈ ದಿನದಿನಕ್ಕೆ ಇಳಿಯಿತು. ನನ್ನ ಗಂಡ ಸಕಲೇಶಪುರಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಏನೂ ಇಲ್ಲ, ವಯಸ್ಸು ಎಂದರಂತೆ.

ಹೊರಗೂ ಏನೂ ಸರಿಯಿರಲಿಲ್ಲ. ಮಂಜು ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಕಾಫಿ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಹೂ ಬಿಟ್ಟು, ಹಣ್ಣಿನ ಪಕ್ಕದಲ್ಲೇ ಬಿಳಿಯಾಗಿ ಕಾಣುತ್ತಿತ್ತು. ಪಕ್ಕದ ಎಸ್ಟೇಟಿನ ಲೈನಿನಲ್ಲಿ ಸಂಜೆ ಹೊಗೆ ಏಳುವುದು ಹೆಚ್ಚುಕಡಿಮೆ ನಿಂತಿತು. ಮಾತು, ಜಗಳ, ಮಕ್ಕಳ ಅಳು, ರೇಡಿಯೋ, ಒಂದೂ ಇಲ್ಲ. ನಾಯಿಗಳನ್ನು ಬಿಟ್ಟು ಹೋಗಿದ್ದರು. ಅವು ಬಂದು ನಮ್ಮ ಅಂಗಳದ ಅಂಚಿನಲ್ಲಿ ಕೂತು, ಬೊಗಳದೆ, ನಮ್ಮನ್ನೇ ನೋಡುತ್ತಿದ್ದವು.

ಆ ವಾರದಲ್ಲೇ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ನಾನು ರೊಟ್ಟಿ ತಟ್ಟುತ್ತಿದ್ದೆ, ಅತ್ತೆ ಬೇಯಿಸುತ್ತಿದ್ದರು. ಮಾವ ಬಂದು ಬಾಗಿಲಿಗೆ ಒರಗಿ ನಿಂತರು. ಹೆಂಡತಿಯ ಹತ್ತಿರ ಏನನ್ನೂ ಕೇಳಿ ಅಭ್ಯಾಸವಿಲ್ಲದ ಮನುಷ್ಯ. ಒಲೆಯ ಕಡೆ ನೋಡುತ್ತಾ, "ಕೊನೆಗೊಂದ್ಸಲ ನಮ್ಮಕ್ಕಿ ಉಣ್ಬೇಕು ಅನ್ನಿಸ್ತದೆ ಕಣೇ" ಎಂದರು.

ಅತ್ತೆ ರೊಟ್ಟಿ ತಿರುವಿಹಾಕಿದರು. ಮಾವ ಸ್ವಲ್ಪ ಹೊತ್ತು ನಿಂತಿದ್ದು ಹೋದರು. ನಾನು ಮೆಲ್ಲಗೆ, "ಯಸಳೂರಲ್ಲಿ ಕೆಂಪಕ್ಕಿ ಸಿಗ್ತದೆ ಅತ್ತೆ, ತರಿಸಿ ಬೇಯಿಸಿದ್ರಾಯ್ತು" ಎಂದೆ. "ಅವರಿಗೆ ಗೊತ್ತಾಗಲ್ವಾ?" ಎಂದಷ್ಟೇ ಹೇಳಿದರು. ಆಳು ಸಿಗದೆ ನಾವೇ ಕಾಫಿ ಕೊಯ್ಯಬೇಕಾಗಿತ್ತು. ಬುಟ್ಟಿ ತೆಗೆದುಕೊಂಡು ನಾನು ಗುಡ್ಡ ಹತ್ತಿದೆ.

ಮಾರನೇ ದಿನ ಮಧ್ಯಾಹ್ನ ಕಾಫಿ ಗಿಡಗಳ ನಡುವೆ ಇದ್ದಾಗ ಕೆಳಗಿನಿಂದ ಒಂದು ಸದ್ದು ಕೇಳಿಸಿತು. ಧೊಪ್. ಸ್ವಲ್ಪ ಬಿಟ್ಟು ಮತ್ತೆ ಧೊಪ್. ಮಂಜಿನೊಳಗಿಂದ ಬರುತ್ತಿದ್ದದ್ದರಿಂದ ಯಾವ ಕಡೆಯದು ಎಂದು ಗೊತ್ತಾಗಲಿಲ್ಲ. ಆನೆ ಬೇಲಿ ಕಂಬ ನೂಕುತ್ತಿದೆಯೇನೋ ಎಂದುಕೊಂಡೆ. ಕೊಯ್ಯುವುದು ನಿಲ್ಲಿಸಿ ಕೇಳಿದೆ. ಒನಕೆ. ಮಿಲ್ಲು ಬಂದ ಮೇಲೆ ನಮ್ಮ ಮನೆಯ ಒನಕೆಯ ಸದ್ದನ್ನು ನಾನು ಕೇಳಿರಲೇ ಇಲ್ಲ. ಏನಾಗುತ್ತಿದೆ ಎಂದು ತಿಳಿದು, ಬುಟ್ಟಿ ಅಲ್ಲೇ ಬಿಟ್ಟು ಓಡಿದೆ.

ಹಿತ್ತಿಲ ಜಗಲಿಯಲ್ಲಿ ಒರಳಿನ ಮುಂದೆ ಅತ್ತೆ ಸೆರಗು ಸಿಕ್ಕಿಸಿಕೊಂಡು ನಿಂತು ಕುಟ್ಟುತ್ತಿದ್ದರು. ಎದುರಿಗೆ ಮೆಟ್ಟಿಲ ಮೇಲೆ ಮಾವ ಕೂತು, ಒನಕೆ ಮೇಲೆ ಹೋಗಿ ಕೆಳಗೆ ಬರುವುದನ್ನು ಮಗು ನೋಡುವ ಹಾಗೆ ನೋಡುತ್ತಿದ್ದರು. ಪಕ್ಕದಲ್ಲಿ ಮುಡಿ ಕತ್ತರಿಸಿಕೊಂಡು ಬಿದ್ದಿತ್ತು. ಹುಲ್ಲಿನ ಹಗ್ಗವನ್ನು ಬಿಚ್ಚಿರಲಿಲ್ಲ, ಕತ್ತಿಯಿಂದ ಕೊಯ್ದಿದ್ದರು. ಮೊರದಲ್ಲಿ ಅರ್ಧ ಕುಟ್ಟಿದ ಅಕ್ಕಿ ಕೆಂಪಗೆ ಹರಡಿತ್ತು. "ಅತ್ತೇ" ಎಂದೆ. ಅವರು ಒನಕೆ ನಿಲ್ಲಿಸಿ ನನ್ನನ್ನು ನೋಡಿದರು. "ನಾಳೆ ಹೊಸಕ್ಕಿ ಊಟ. ಎಲ್ಲಾರ್ಗೂ ಹೇಳ್ಕಳ್ಸು" ಎಂದು ಮತ್ತೆ ಕುಟ್ಟತೊಡಗಿದರು. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಒಳಗೆ ಹೋಗಿ ಟಿ.ವಿ.ಯ ವೈರು ಕಿತ್ತುಹಾಕಿದೆ.

ಇಪ್ಪತ್ತೊಂದನೇ ತಾರೀಕು ಶುಕ್ರವಾರ. ಹಾಗಾಗಿ ಕೋಳಿ ಕೊಯ್ಯಲಿಲ್ಲ. ಪ್ರಳಯದ ದಿನವೂ ಶುಕ್ರವಾರ ಬಿಡದ ಜನ ನಾವು. ಕಡುಬು, ಅವರೆಕಾಳು ಸಾರು, ಪಾಯಸ ಮಾಡಿದೆವು. ಮನೆಯವರಷ್ಟೇ ಉಂಡಿದ್ದರೆ ಭತ್ತ ಸ್ವಲ್ಪವಾದರೂ ಕುಟ್ಟದೆ ಉಳಿಯುತ್ತಿತ್ತೇನೋ. ಬಿಚ್ಚಿದ ಮುಡಿ, ಅದರ ಮೇಲೆ ಹೊಸಕ್ಕಿ ಊಟ, ಒಬ್ಬರೇ ಉಣ್ಣುವ ಹಾಗಿಲ್ಲವಲ್ಲ. ಅಕ್ಕಪಕ್ಕದವರು ಬಂದರು. ಲೈನಿನಲ್ಲಿ ಉಳಿದಿದ್ದ ನಾಲ್ಕಾರು ಮುದುಕರು ಬಂದರು. ರೈಟರ್ ಹೆಂಡತಿಯನ್ನು ಕರೆದುಕೊಂಡು, ಮದುವೆಗೆ ಬರುವವರ ಹಾಗೆ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದ. ಒಬ್ಬರೇ ಮನೆಯಲ್ಲಿರಲು ಯಾರಿಗೂ ಧೈರ್ಯವಿರಲಿಲ್ಲ ಎಂದು ನನಗನ್ನಿಸಿತು.

ಅಂಗಳದಲ್ಲಿ ಎಲೆ ಹಾಕಿದೆವು. ಅಷ್ಟು ಜನ ಕೂತರೂ ಮಾತಿಲ್ಲ. ಕಡುಬಿನ ಆವಿ ಮಂಜಿನೊಳಗೆ ಸೇರಿಹೋಗುತ್ತಿತ್ತು. ಅನ್ನ ಬಡಿಸುವಾಗ ಆ ವಾಸನೆ ಎದ್ದಿತು, ನಮ್ಮಕ್ಕಿಯದು. ಎಷ್ಟೋ ದಿನದಿಂದ ತುತ್ತು ನುಂಗದ ಮಾವ ಮೂರು ಸಲ ಹಾಕಿಸಿಕೊಂಡರು. ಅವರು ಉಣ್ಣುವುದನ್ನೇ ನೋಡುತ್ತಾ ಅತ್ತೆ ಸೌಟು ಹಿಡಿದು ನಿಂತಿದ್ದರು. ನಡುವೆ ಎಲ್ಲೋ ದೂರದಲ್ಲಿ, ಯಾವುದೋ ತೋಟದಲ್ಲಿ ಆನೆ ಓಡಿಸಲು ಹಚ್ಚಿದ ಪಟಾಕಿ ಸಿಡಿಯಿತು. ಎಲ್ಲರ ಕೈಯೂ ಬಾಯಿಯ ಹತ್ತಿರ ನಿಂತುಬಿಟ್ಟಿತು. ಲೈನಿನ ಒಬ್ಬ ಅಜ್ಜಿ ಕಣ್ಣು ಮುಚ್ಚಿಕೊಂಡಳು. ಎರಡನೇ ಸಲ ಸಿಡಿಯಿತು, ಆಮೇಲೆ ಏನೂ ಇಲ್ಲ. ಮತ್ತೆ ಎಲ್ಲರೂ ತಲೆ ತಗ್ಗಿಸಿ ಉಂಡರು.

ಊಟವಾದ ಮೇಲೂ ಯಾರೂ ಏಳಲಿಲ್ಲ. ಮಂಜು ಸ್ವಲ್ಪ ಹರಿದು ಬಿಸಿಲು ಬಂತು, ಹೋಯಿತು. ಸೂರ್ಯ ಗುಡ್ಡದ ಹಿಂದೆ ಇಳಿಯುವವರೆಗೆ ಅಂಗಳದಲ್ಲೇ ಕೂತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಹೋದರು. ನಮ್ಮ ಕಡೆ ಹೊರಡುವಾಗ "ಬರ್ತೀವಿ" ಎಂದು ಹೇಳಿಯೇ ಹೊರಡುವುದು. ಅವತ್ತು ಆ ಮಾತನ್ನು ಒಬ್ಬರೂ ಹೇಳಲಿಲ್ಲ. 

ಶನಿವಾರ ಬೆಳಗಾಯಿತು. ಎಂದಿನ ಹಾಗೆಯೇ ಆಯಿತು. ಮಾವ ಎದ್ದು, ಗಡ್ಡ ಹೆರೆದು, ಕಾಫಿ ಕುಡಿದು, ಕತ್ತಿ ತೆಗೆದುಕೊಂಡು ಬೇಲಿ ಕಟ್ಟಲು ಹೋದರು. ವೈರು ಮತ್ತೆ ಸಿಕ್ಕಿಸಿ ನೋಡಿದರೆ ಟಿ.ವಿ.ಯವರು ಆಗಲೇ ಬೇರೆ ಸುದ್ದಿಗೆ ಹಾರಿದ್ದರು. ತಪ್ಪಾಯಿತು ಎಂದು ಒಬ್ಬರೂ ಹೇಳಲಿಲ್ಲ. ನಾನು ಅಡುಗೆಮನೆಯ ಪಾತ್ರೆ, ಡಬ್ಬ, ಗಡಿಗೆಗಳನ್ನೆಲ್ಲ ಹುಡುಕಿದೆ. ಎಲ್ಲಾದರೂ ಒಂದು ಹಿಡಿ ಭತ್ತ ಎತ್ತಿಟ್ಟಿರುತ್ತಾರೆ, ಅತ್ತೆಯನ್ನು ನಾನು ಕಾಣೆನೇ ಎಂದುಕೊಂಡಿದ್ದೆ. ಇರಲಿಲ್ಲ. ತೌಡನ್ನು ಜಾಲಿಸಿದೆ, ಮುಡಿಯ ಹುಲ್ಲನ್ನು ಕೊಡವಿದೆ. ಅಂಗಳಕ್ಕೆ ಚೆಲ್ಲಿದ್ದನ್ನು ಕೋಳಿಗಳು ಆಗಲೇ ಆರಿಸಿಕೊಂಡಿದ್ದವು. ನಾನು ಹುಡುಕುವುದನ್ನು ಅತ್ತೆ ನೋಡಿದರು. ಹಾಲು ಕರೆಯಲು ಕೊಟ್ಟಿಗೆಗೆ ಹೋದರು.

ಸಂಕ್ರಾಂತಿ ಕಳೆದ ಮೇಲೆ ನಾವಿಬ್ಬರೂ ಬೀಜ ಹುಡುಕಲು ಹೊರಟೆವು. ಹಿಂದೆ ಅತ್ತೆ ಈ ಭತ್ತವನ್ನು ಯಾರು ಯಾರಿಗೋ ಕೊಟ್ಟಿದ್ದರು. ಒಂದು ಕಡೆಯಾದರೂ ಉಳಿದಿರಲೇಬೇಕು ಎಂಬ ಆಸೆ. ಮೊದಲು ಹೆತ್ತೂರಿನಾಚೆಯ ಅವರ ತವರಿಗೆ ಹೋದೆವು. ಅಣ್ಣನ ಮಗ ಗದ್ದೆಯನ್ನು ಶುಂಠಿಗೆ ಕೊಟ್ಟಿದ್ದ. ಶುಂಠಿ ಕಿತ್ತ ಮೇಲೆ ನೆಲ ಹಾಗೇ ಬಿದ್ದಿತ್ತು. "ಆ ಭತ್ತ ಇನ್ನೂ ನಿಮ್ಮಲ್ಲೈತೆ ಅಂದ್ಕೊಂಡಿದ್ದೆ ಅತ್ತೆ" ಎಂದು ಅವನೇ ಹೇಳಿದ. ಇನ್ನೊಂದು ದಿನ ಮಾರನಹಳ್ಳಿಯ ಹತ್ತಿರ, ಅತ್ತೆಯ ಅಕ್ಕನನ್ನು ಕೊಟ್ಟಿದ್ದ ಮನೆಗೆ ಹೋದೆವು. ಅಕ್ಕ ತೀರಿಕೊಂಡಿದ್ದರು. ಗದ್ದೆಯಲ್ಲಿ ಹೋಂಸ್ಟೇ ಎದ್ದಿತ್ತು, ನಾಟಿ ಮಾಡುತ್ತಿದ್ದ ಜಾಗದಲ್ಲಿ ನೀಲಿ ಬಣ್ಣದ ಈಜುಕೊಳ. ಅತ್ತೆ ಅದರ ಅಂಚಿನಲ್ಲಿ ನಿಂತು ನೀರನ್ನು ಬಹಳ ಹೊತ್ತು ನೋಡಿದರು.

ಕೊನೆಗೆ ಯಸಳೂರಿನಲ್ಲಿ ಯಾರೋ ಕಪ್ಪು ಮೀಸೆಯ ಭತ್ತವಿದೆ ಎಂದರು. ಬಸ್ಸು ಇಳಿದು ಬಿಸಿಲಲ್ಲಿ ನಡೆದುಕೊಂಡು ಹೋದೆವು. ಆ ಮನೆಯವರು ಒಂದು ಬೊಗಸೆ ತಂದು ತೋರಿಸಿದರು. ಮೀಸೆ ಇತ್ತು, ಕಪ್ಪಗೂ ಇತ್ತು. ಅತ್ತೆಯ ಮುಖ ಅರಳಿತು. ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ, ಅಂಗೈಯಲ್ಲಿಟ್ಟು ನೋಡಿದರು. ಒಳಗೆ ಬಿಳಿ. "ಇದಲ್ಲ" ಎಂದು ಅದನ್ನು ಹಿಂದಕ್ಕೆ ಕೊಟ್ಟು, ಅವರು ಕೊಟ್ಟ ಮಜ್ಜಿಗೆ ಕುಡಿದು, ಎದ್ದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವರು ಊರು ಬರುವವರೆಗೆ ತಿರುಗಲಿಲ್ಲ. ಆಮೇಲೆ ಹುಡುಕಲು ಹೋಗಲಿಲ್ಲ.

ಜೂನಿನಲ್ಲಿ ನನ್ನ ಗಂಡ ಸರ್ಕಾರಿ ಬೀಜದ ಚೀಲ ತಂದರು. ಆ ವರ್ಷ ಆನೆಗಳೂ ಬರಲಿಲ್ಲ, ಗದ್ದೆ ತುಂಬ ಭತ್ತ ಬಂತು. ಎಂಥ ಬೆಳೆ ಎಂದು ಎಲ್ಲರೂ ಹೊಗಳಿದರು. ಅತ್ತೆ ತೆನೆ ಆರಿಸಲು ಗದ್ದೆಗೆ ಇಳಿಯಲಿಲ್ಲ. ಮಾವ ರೂಢಿಯಂತೆ ಹುಲ್ಲು ಹಾಸಿಕೊಂಡು ಮುಡಿ ಕಟ್ಟಲು ಕೂತರು. ಅತ್ತೆ, "ಅದನ್ನ ಯಾಕೆ ಕಟ್ತೀರಿ? ಆ ಚೀಲ ವರ್ಷಾ ವರ್ಷಾ ಅಂಗಡೀಲೇ ಸಿಗ್ತದಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮಾವ ಹಾಸಿದ ಹುಲ್ಲನ್ನು ಹಾಗೇ ಸುತ್ತಿ ದನಕ್ಕೆ ಹಾಕಿದರು. ಆ ಇಪ್ಪತ್ತೊಂದನೇ ತಾರೀಕಿನ ಮಾತನ್ನು ಅವರಿಬ್ಬರೂ ಒಮ್ಮೆಯೂ ಎತ್ತಿದ್ದನ್ನು ನಾನು ಕೇಳಲಿಲ್ಲ. ಮುಂದೆ ಆನೆಗಳು ಮತ್ತೆ ಬಂದವು, ಆಳು ಸಿಗುವುದು ನಿಂತಿತು, ಗದ್ದೆ ಬೀಳು ಬಿತ್ತು.

ಮಾವ ತೀರಿಕೊಂಡದ್ದು ಕೆಲವು ವರ್ಷಗಳ ನಂತರ, ಕಾಫಿ ಕಣದಲ್ಲಿ, ಹಾಡುಹಗಲು. ಕಾಫಿ ಕೆದರುತ್ತಿದ್ದವರು ಆಯಾಸವೆಂದು ಕೂತರು, ಹಾಗೆಯೇ ಒರಗಿದರು. ಆನೆಯೂ ಬರಲಿಲ್ಲ, ಗ್ರಹವೂ ಬಡಿಯಲಿಲ್ಲ. ಹೆಣ ಎತ್ತುವ ಮೊದಲು ಬಾಯಿಗೆ ಅಕ್ಕಿ ಹಾಕಲು ಕರೆದರು. ತಟ್ಟೆಯಲ್ಲಿದ್ದದ್ದು ಅಂಗಡಿಯ ಅಕ್ಕಿ, ಪಾಲಿಶ್ ಮಾಡಿದ್ದು, ಹಲ್ಲಿನಷ್ಟು ಬೆಳ್ಳಗೆ. ಅತ್ತೆ ನಾಲ್ಕು ಕಾಳು ತೆಗೆದುಕೊಂಡರು. ಕೈ ಮಾವನ ಬಾಯಿಯ ಹತ್ತಿರ ಹೋಗಿ ನಿಂತಿತು. ಹಿಂದೆ ನಿಂತವರು "ಹಾಕವ್ವ, ಹೊತ್ತಾಯ್ತು" ಎಂದರು. ಹಾಕಿದರು. ಹೆಣ್ಣುಮಕ್ಕಳೆಲ್ಲ ಗೊಳೋ ಎಂದರು, ಅತ್ತೆ ಅಳಲಿಲ್ಲ. ಬೆರಳಿಗೆ ಅಂಟಿದ್ದ ಒಂದು ಕಾಳನ್ನು ಸೆರಗಿಗೆ ಒರೆಸಿಕೊಂಡರು.

ತಿಥಿಯೆಲ್ಲ ಮುಗಿದು, ನೆಂಟರು ಹೋದ ಮೇಲೆ, ಒಂದು ಮಧ್ಯಾಹ್ನ ಅತ್ತೆ ಹಿತ್ತಿಲ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ನಾನು ಪಕ್ಕದಲ್ಲಿ ಹೋಗಿ ಕೂತೆ. ಇಷ್ಟು ವರ್ಷ ಗಂಟಲಲ್ಲೇ ಇದ್ದ ಮಾತು ಆಗ ಬಂತು.

"ಅತ್ತೇ, ಅವತ್ತು ಒಂದು ಹಿಡಿ ಭತ್ತ ಯಾಕೆ ತೆಗೆದಿಡ್ಲಿಲ್ಲ? ನೀವು ನಂಬಿರ್ಲಿಲ್ಲ, ನಂಗೊತ್ತು. ಒಂದೇ ಹಿಡಿ. ಯಾರಿಗೆ ಗೊತ್ತಾಗ್ತಿತ್ತು?"

ಅತ್ತೆಯ ಬೆರಳು ಮೊರದಲ್ಲಿ ಓಡುತ್ತಲೇ ಇತ್ತು.

"ಅವರಿಗೆ ಗೊತ್ತಾಗೋದು" ಎಂದರು. "ಕುಟ್ಟಿ ಮುಗಿಸೋ ತನಕ ಎದುರಿಗೇ ಕೂತಿದ್ರು ಕಣವ್ವ. ಒಂದು ಹಿಡಿ ತೆಗೆದಿಟ್ಟಿದ್ರೆ, ನಾಳೆ ಐತೆ ಅಂತ ನಾನು ನಂಬ್ಕೊಂಡಿದೀನಿ ಅಂತ ಆಗೋದು. ಆ ಭಯದಲ್ಲಿ ಅವರೊಬ್ರೇ ಆಗ್ಬುಡೋರು."

 ಅಂಗಡಿಯ ಅಕ್ಕಿಯಲ್ಲಿ ಆರಿಸುವುದಕ್ಕೆ ಕಲ್ಲೂ ಇರುವುದಿಲ್ಲ, ಭತ್ತದ ಕಾಳೂ ಇರುವುದಿಲ್ಲ. ಅತ್ತೆ ಮೊರವನ್ನು ಬೆಳಕಿಗೆ ತಿರುಗಿಸಿಕೊಂಡು, ಆರಿಸುತ್ತಲೇ ಇದ್ದರು.